ವಿಡಿಯೋ ಸಂಕಲನಕ್ಕೆ ಮಿತವ್ಯಯದ ಕಂಪ್ಯೂಟರು

ಶಾಲಾ ವಾರ್ಷಿಕೋತ್ಸವದ ಯಕ್ಷಗಾನವನ್ನು ಮೊಬೈಲಿನಲ್ಲಿ ಸೆರೆಹಿಡಿಯದ ಮನೆ ಇಂದು ನಮ್ಮ ಕಾಸರಗೋಡು ಸೀಮೆಯಲ್ಲಿ ವಿರಳ. ಆದರೆ ಸೆರೆಹಿಡಿದುದನ್ನು ಕತ್ತರಿಸಿ, ಜೋಡಿಸಿ, ಧ್ವನಿಯನ್ನು ಸರಿಪಡಿಸಿ, ನಾಲ್ಕು ಜನ ಕುಳಿತು ನೋಡತಕ್ಕ ರೂಪಕ್ಕೆ ತರುವ ಕೆಲಸವೇ ಬೇರೆ. ಇದಕ್ಕೆ ಸಂಕಲನವೆಂದು ಹೆಸರು. ೨೦೧೮ರಲ್ಲಿ ಕೇರಳದ ಹೈಸ್ಕೂಲುಗಳಲ್ಲಿ ‘ಲಿಟಲ್ ಕೈಟ್ಸ್’ ಕೂಟಗಳು ಆರಂಭವಾದ ಮೇಲೆ ಇಂತಹ ವಿದ್ಯೆಗಳಲ್ಲಿ ನಮ್ಮ ಮಕ್ಕಳ ಆಸಕ್ತಿ ಬೆಳೆದಿದೆ. ೨೦೨೦ರ ಜೂನ್ ೧ರಂದು ‘ಫಸ್ಟ್ ಬೆಲ್’ ಪಾಠಗಳು ಮೊದಲಾದಾಗ, ಪಾಠವೂ ವಿಡಿಯೋ ರೂಪದಲ್ಲಿ ಮನೆಬಾಗಿಲಿಗೆ ಬರಬಲ್ಲುದೆಂಬುದನ್ನು ಹೆತ್ತವರೂ ಕಂಡರು. ಆದಕಾರಣ “ಯಾವ ಕಂಪ್ಯೂಟರು ಕೊಳ್ಳೋಣ, ಮಾಷ್ಟ್ರೇ?” ಎಂದು ಕೇಳುತ್ತ ಬರುವವರ ಸಂಖ್ಯೆ ಹೆಚ್ಚುತ್ತಿದೆ.

ಕಳೆದ ಮಳೆಗಾಲದಲ್ಲಿ ರಕ್ಷಕರೊಬ್ಬರು ಮಗನ ಒತ್ತಾಯಕ್ಕೆ ಮಣಿದು, ಮನೆಯ ಬಂಗಾರವನ್ನು ಸೊಸೈಟಿಯಲ್ಲಿ ಅಡವಿಟ್ಟು, ಬಣ್ಣಬಣ್ಣದ ದೀಪಗಳುಳ್ಳ ಆಟದ ಕಂಪ್ಯೂಟರೊಂದನ್ನು ಕೊಳ್ಳಲು ಹೊರಟಿದ್ದರು. ಹುಡುಗನಿಗೆ ಬೇಕಾಗಿದ್ದುದು ಆಟವಲ್ಲ, ಸಂಕಲನ. ಅದಕ್ಕೆ ಅಷ್ಟು ಹಣ ಅಗತ್ಯವೇ? ಈ ಪ್ರಶ್ನೆಗೆ ಉತ್ತರ ಹೇಳುವುದೇ ಪ್ರಸ್ತುತ ಪಾಠದ ಉದ್ದೇಶ.

ಮೊದಲು ಲೆಕ್ಕವನ್ನು ನೋಡೋಣ. ಪೂರ್ಣ ಹೈ ಡೆಫಿನಿಷನ್ ಚಿತ್ರವೆಂದರೆ ಅಡ್ಡಲಾಗಿ ೧೯೨೦, ಮೇಲಿಂದ ಕೆಳಕ್ಕೆ ೧೦೮೦ ಬಿಂದುಗಳು, ಒಟ್ಟು ೨೦,೭೩,೬೦೦. ಪ್ರತಿಯೊಂದು ಬಿಂದುವಿನ ಕೆಂಪು, ಹಸಿರು, ನೀಲಿ ಬಣ್ಣಗಳಿಗೆ ಒಂದೊಂದರಂತೆ ೩ ಬೈಟುಗಳು ಬೇಕು. ಅಂದರೆ ಒಂದು ಚಿತ್ರಕ್ಕೆ ೬೨,೨೦,೮೦೦ ಬೈಟು. ಮೊಬೈಲುಗಳು ಸಾಮಾನ್ಯವಾಗಿ ಸೆಕೆಂಡಿಗೆ ೩೦ ಚಿತ್ರಗಳನ್ನು ತೆಗೆಯುವುವು. ಹಾಗೆಂದ ಮೇಲೆ ಒಂದು ಸೆಕೆಂಡಿಗೆ ೧೮,೬೬,೨೪,೦೦೦ ಬೈಟು. ಒಂದು ನಿಮಿಷಕ್ಕೆ ಸುಮಾರು ೧೧ ಗಿಗಾಬೈಟು. ಆದರೆ ನಮ್ಮ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೋ ಸುಮಾರು ೧೩೦ ಮೆಗಾಬೈಟಿನಷ್ಟೇ ಇರುತ್ತದೆ. ಉಳಿದುದು ಎಲ್ಲಿ ಹೋಯಿತು?

ಇದನ್ನು ತರಗತಿಯ ಉದಾಹರಣೆಯಿಂದಲೇ ತಿಳಿಯಬಹುದು. ಸೋಮವಾರ ಯಾರು ಎಲ್ಲಿ ಕುಳಿತರೆಂದು ಪುಸ್ತಕದಲ್ಲಿ ಪೂರ್ತಿಯಾಗಿ ಬರೆದಿಟ್ಟೆವೆನ್ನಿ. ಮಂಗಳವಾರದಿಂದ ಸ್ಥಳ ಬದಲಿಸಿದವರ ಹೆಸರನ್ನು ಮಾತ್ರ ಬರೆದರೆ ಸಾಕಲ್ಲವೆ? ಕಾಗದ ಬಹಳ ಉಳಿಯುವುದು. ವಿಡಿಯೋ ಸಂಕ್ಷೇಪದಲ್ಲಿಯೂ ಹೀಗೆಯೇ: ನಡುನಡುವೆ ಒಂದು ಪೂರ್ಣ ಚಿತ್ರ, ಮಿಕ್ಕವುಗಳಲ್ಲಿ ಬದಲಾವಣೆ ಮಾತ್ರ. ೨೦೦೩ರಲ್ಲಿ ಅಂಗೀಕೃತವಾದ ಎಚ್.೨೬೪ ಪದ್ಧತಿಯೂ, ೨೦೧೩ರಲ್ಲಿ ಬಂದ ಎಚ್.೨೬೫ ಪದ್ಧತಿಯೂ ಮುಖ್ಯವಾಗಿ ಈ ತತ್ತ್ವವನ್ನೇ ಅವಲಂಬಿಸಿವೆ.

ಆದರೆ ಉಳಿತಾಯಕ್ಕೂ ಒಂದು ಬೆಲೆಯುಂಟು. ಗುರುವಾರ ಯಾರು ಎಲ್ಲಿ ಕುಳಿತಿದ್ದರೆಂದು ಕೇಳಿದರೆ, ಸೋಮವಾರದ ಪುಟದಿಂದ ಮೊದಲುಗೊಂಡು ಎಲ್ಲವನ್ನೂ ಓದಬೇಕಾಗುವುದು. ವಿಡಿಯೋವನ್ನು ಸುಮ್ಮನೆ ನೋಡುವವನು ಮೊದಲಿನಿಂದ ಕೊನೆಗೆ ಕ್ರಮವಾಗಿ ಸಾಗುತ್ತಾನೆ. ಸಂಕಲನ ಮಾಡುವವನಾದರೋ ಹಿಂದಕ್ಕೂ ಮುಂದಕ್ಕೂ ಜಿಗಿಯುತ್ತಾನೆ. ಆತ ನಿಂತಲ್ಲೆಲ್ಲ ಕಂಪ್ಯೂಟರು ಹಿಂದಿನ ಪೂರ್ಣ ಚಿತ್ರವನ್ನು ಹುಡುಕಿ, ಅಲ್ಲಿಂದ ಲೆಕ್ಕ ಹಾಕುತ್ತ ಬರಬೇಕು. ವಿಡಿಯೋವನ್ನು ಸರಾಗವಾಗಿ ತೋರಿಸುವ ಕಂಪ್ಯೂಟರು ಸಂಕಲನದಲ್ಲಿ ಮುಗ್ಗರಿಸುವುದಕ್ಕೆ ಇದೇ ಕಾರಣ.

ಇನ್ನು ಅಂಗಗಳನ್ನು ಒಂದೊಂದಾಗಿ ವಿಚಾರಿಸೋಣ.

ಪ್ರೊಸೆಸರು: ಮೇಲೆ ಹೇಳಿದ ಲೆಕ್ಕವನ್ನು ಮಾಡುವ ಭಾಗ ಇದು. ೪ ಕೋರುಗಳಿದ್ದರೆ ಕೆಲಸ ನಡೆದೀತು. ೬ ಇದ್ದರೆ ನೆಮ್ಮದಿ. ೨೦೧೧ರಿಂದೀಚೆಗೆ ಇಂಟೆಲ್ ಸಂಸ್ಥೆಯ ಅನೇಕ ಪ್ರೊಸೆಸರುಗಳ ಒಳಗೇ ವಿಡಿಯೋ ಬಿಡಿಸುವುದಕ್ಕೆ ಪ್ರತ್ಯೇಕ ವ್ಯವಸ್ಥೆಯಿದೆ. ಆದುದರಿಂದ ಸಾಧಾರಣ ಕತ್ತರಿಸಿ ಜೋಡಿಸುವ ಕೆಲಸಕ್ಕೆ ದುಬಾರಿಯಾದ ಬೇರೆ ಗ್ರಾಫಿಕ್ಸ್ ಕಾರ್ಡು ಬೇಕೆಂದಿಲ್ಲ. ‘ಡಾವಿಂಚಿ ರಿಸಾಲ್ವ್’ ಮೊದಲಾದ ಭಾರವಾದ ತಂತ್ರಾಂಶಗಳನ್ನು ಬಳಸುವವರ ಮಾತು ಬೇರೆ.

ರ‍್ಯಾಮ್: ಇದು ಕೆಲಸ ಮಾಡುವಾಗ ವಸ್ತುಗಳನ್ನು ಹರಡಿಕೊಳ್ಳುವ ಮೇಜಿನಂತೆ. ೮ ಗಿಗಾಬೈಟು ಕನಿಷ್ಠ, ೧೬ ಉತ್ತಮ. ಮುಂದೆ ಹೆಚ್ಚಿಸುವುದಕ್ಕೆ ಒಳಗೆ ಖಾಲಿ ಸ್ಥಾನವಿದೆಯೇ ಎಂಬುದನ್ನು ಕೊಳ್ಳುವಾಗಲೇ ಕೇಳತಕ್ಕದ್ದು.

ಸಂಗ್ರಹ: ಹಳೆಯ ಹಾರ್ಡ್ ಡಿಸ್ಕಿನಲ್ಲಿ ತಿರುಗುವ ತಟ್ಟೆಯ ಮೇಲೆ ಓದುವ ಮೊನೆಯು ಸ್ಥಳದಿಂದ ಸ್ಥಳಕ್ಕೆ ಚಲಿಸಬೇಕಾದುದರಿಂದ ವಿಳಂಬವಾಗುವುದು. ಎಸ್.ಎಸ್.ಡಿ.ಯಲ್ಲಿ ಚಲಿಸುವ ಭಾಗವೇ ಇಲ್ಲ. ಕೆಲಸಕ್ಕೆ ೫೧೨ ಗಿಗಾಬೈಟಿನ ಎಸ್.ಎಸ್.ಡಿ., ಮುಗಿದುದನ್ನು ಕಾಪಾಡಲು ಹೊರಗಿನ ಹಾರ್ಡ್ ಡಿಸ್ಕು, ಇದು ಯೋಗ್ಯವಾದ ಜೋಡಿ.

ಪರದೆ: ಅಗ್ಗದ ಕೆಲವು ಲ್ಯಾಪ್‌ಟಾಪುಗಳ ಪರದೆಯಲ್ಲಿ ೧೩೬೬ × ೭೬೮ ಬಿಂದುಗಳು ಮಾತ್ರ ಇರುತ್ತವೆ. ಅದರಲ್ಲಿ ಪೂರ್ಣ ಚಿತ್ರವನ್ನು ಕುಗ್ಗಿಸಿಯೇ ನೋಡಬೇಕು. ೧೯೨೦ × ೧೦೮೦ ಇರುವುದನ್ನೇ ಆರಿಸುವುದು ಲೇಸು.

ಒಂದೇ ಬೆಲೆಗೆ ಲ್ಯಾಪ್‌ಟಾಪಿಗಿಂತ ಮೇಜಿನ ಕಂಪ್ಯೂಟರು ಸಾಮಾನ್ಯವಾಗಿ ಹೆಚ್ಚು ಶಕ್ತಿಯುಳ್ಳದ್ದು. ಕೆಟ್ಟ ಭಾಗವನ್ನು ಬದಲಿಸುವುದೂ ಸುಲಭ. ಆದರೆ ನಮ್ಮಲ್ಲಿ ಮಳೆಗಾಲದ ಕರೆಂಟಿನ ಸ್ವಭಾವ ಎಲ್ಲರಿಗೂ ತಿಳಿದದ್ದೇ. ಆದಕಾರಣ ಯು.ಪಿ.ಎಸ್.ನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಗುಡುಗು ಸಿಡಿಲಿನ ಹೊತ್ತಿನಲ್ಲಿ ಪ್ಲಗ್ಗನ್ನು ಕಿತ್ತಿಡುವುದನ್ನು ಮರೆಯಬಾರದು.

ಆಫೀಸುಗಳಲ್ಲಿ ಬಳಸಿ ಬಿಟ್ಟ, ದುರಸ್ತಿ ಮಾಡಿ ಮಾರುವ ಕಂಪ್ಯೂಟರುಗಳೂ ದೊರೆಯುತ್ತವೆ. ಇಂಟೆಲ್ ಎಂಟನೆಯ ತಲೆಮಾರಿನ ಐ-೫ ಮೇಜಿನ ಪ್ರೊಸೆಸರುಗಳಲ್ಲಿ ೬ ಕೋರುಗಳಿವೆ. ನಮ್ಮ ಕೆಲಸಕ್ಕೆ ಧಾರಾಳವಾಯಿತು. ಅದಕ್ಕಿಂತ ಹಳೆಯದನ್ನು ಕೊಳ್ಳುವವರು ಎಚ್ಚರದಿಂದಿರಬೇಕು: ವಿಂಡೋಸ್ ೧೦ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವು ೨೦೨೫ರ ಅಕ್ಟೋಬರ್ ೧೪ರಂದು ಮುಗಿಯಿತು, ಇಂಟೆಲ್ ಪ್ರೊಸೆಸರುಗಳ ಮಟ್ಟಿಗೆ ವಿಂಡೋಸ್ ೧೧ಕ್ಕೆ ಸಾಮಾನ್ಯವಾಗಿ ಎಂಟನೆಯ ತಲೆಮಾರು ಅಥವಾ ಅನಂತರದ್ದು ಬೇಕು. ನಮ್ಮ ಶಾಲೆಗಳಲ್ಲಿ ಮಕ್ಕಳು ಕಲಿಯುವ ಲಿನಕ್ಸ್ ಹಾಕಿಕೊಂಡರೆ ಈ ತೊಡಕಿಲ್ಲ, ಹಣವೂ ಬೇಕಿಲ್ಲ. ಕೆಡೆನ್‌ಲೈವ್, ಶಾಟ್‌ಕಟ್, ಓಪನ್‌ಶಾಟ್ ಎಂಬ ಸಂಕಲನ ತಂತ್ರಾಂಶಗಳೂ ಉಚಿತವಾಗಿವೆ.

ಕಂಪ್ಯೂಟರು ದುರ್ಬಲವಾಗಿದ್ದರೂ ಉಪಾಯವುಂಟು. ಮೂಲ ವಿಡಿಯೋದಿಂದ ಚಿಕ್ಕದೊಂದು ಪ್ರತಿಯನ್ನು ಮಾಡಿಕೊಂಡು, ಅದರ ಮೇಲೆ ಕತ್ತರಿ ಆಡಿಸಿ, ಕೊನೆಗೆ ಮೂಲದಿಂದಲೇ ಪೂರ್ಣ ಗುಣದ ಚಿತ್ರವನ್ನು ಹೊರತೆಗೆಯಬಹುದು. ಈ ಚಿಕ್ಕ ಪ್ರತಿಗೆ ಪ್ರಾಕ್ಸಿ ಎನ್ನುತ್ತಾರೆ. ಕೆಡೆನ್‌ಲೈವ್ ಮತ್ತು ಶಾಟ್‌ಕಟ್‌ಗಳಲ್ಲಿ ಈ ಸೌಲಭ್ಯವಿದೆ. ಪ್ರತಿ ತಯಾರಾಗುವ ತನಕ ಕಾಯಬೇಕು, ಸ್ವಲ್ಪ ಜಾಗವೂ ಬೇಕು. ಆದರೆ ತಾಳ್ಮೆಯಿಂದ ಉಳಿಯುವ ಹಣ ಅಲ್ಪವಲ್ಲ. ಮತ್ತೊಂದು ಮಾತು: ಮೊಬೈಲಿನಲ್ಲಿ ಆಯ್ಕೆಯಿದ್ದರೆ, ಹಳೆಯ ಕಂಪ್ಯೂಟರಿಗಾಗಿ ಎಚ್.೨೬೫ರ ಬದಲು ಎಚ್.೨೬೪ನ್ನೇ ಇಟ್ಟುಕೊಳ್ಳಬೇಕು.

ಇಷ್ಟನ್ನು ಹೇಳುವ ನಾವೂ ಎಡವಿದವರೇ. ಕೆಲವು ವರ್ಷಗಳ ಹಿಂದೆ ದಾನಿಗಳು ಕೊಟ್ಟ ಹಣದಿಂದ ಶಾಲೆಗೆ ಒಂದು ಕಂಪ್ಯೂಟರು ತಂದೆವು. ಡಿಸ್ಕು ದೊಡ್ಡದೆಂಬುದನ್ನು ಮಾತ್ರ ನೋಡಿ ಹಿಗ್ಗಿದೆವು. ರ‍್ಯಾಮ್ ೪ ಗಿಗಾಬೈಟು ಮಾತ್ರವೆಂಬುದನ್ನು ಗಮನಿಸಲಿಲ್ಲ. ಸಂಕಲನಕ್ಕೆ ಕುಳಿತಾಗ ಅದು ಒಂದು ಹೆಜ್ಜೆಯನ್ನೂ ಇಡಲಿಲ್ಲ. ಅಷ್ಟರಲ್ಲೇ ಮುಗಿದಿದ್ದರೆ ಹಣದ ನಷ್ಟವೆಂದು ಮರೆಯಬಹುದಿತ್ತು. ಶಾಲೆಯ ಆರಂಭದ ದಿನಗಳನ್ನು ಕುರಿತು ನಿವೃತ್ತ ಹಿರಿಯ ಅಧ್ಯಾಪಕರೊಬ್ಬರು ಆಡಿದ ಎರಡು ಗಂಟೆಯ ಮಾತುಗಳನ್ನು ಅದೇ ಡಿಸ್ಕಿಗೆ ತುಂಬಿ, ಮೊಬೈಲಿನಿಂದ ಅಳಿಸಿದ್ದೆವು. ಡಿಸ್ಕು ಕೆಟ್ಟಿತು. ಮತ್ತೊಮ್ಮೆ ಕೇಳಿ ಬರೋಣವೆಂದರೆ ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಡಿಸ್ಕಿಗೆ ಬದಲಿ ತಂದೆವು. ಆ ಮಾತುಗಳಿಗೆ ಬದಲಿಯಿಲ್ಲ. ಆದ್ದರಿಂದ ಎರಡನೆಯ ಪ್ರತಿಯನ್ನು ಇಡುವ ಸಾಧನದ ಬೆಲೆಯನ್ನು ಮೊದಲು ತೆಗೆದಿರಿಸಿ, ಉಳಿದ ಹಣದಲ್ಲಿ ಕಂಪ್ಯೂಟರನ್ನು ಹುಡುಕಬೇಕೆಂಬುದು ನಮ್ಮ ಬಿನ್ನಹ.

ಬೆಲೆಗಳು ತಿಂಗಳು ತಿಂಗಳಿಗೂ ಬದಲಾಗುವುವಾದುದರಿಂದ ಅವನ್ನು ಇಲ್ಲಿ ಬರೆದಿಲ್ಲ. ಅಂಗಡಿಗೆ ಹೋಗುವಾಗ ನಿಮ್ಮದೇ ಮೊಬೈಲಿನಲ್ಲಿ ತೆಗೆದ ಐದು ನಿಮಿಷದ ವಿಡಿಯೋವನ್ನು ಪೆನ್‌ಡ್ರೈವಿನಲ್ಲಿ ಒಯ್ಯಿರಿ. ಅದನ್ನು ಅಲ್ಲಿಯೇ ತೆರೆದು, ನಾಲ್ಕು ಕಡೆ ಕತ್ತರಿಸಿ, ಹಿಂದಕ್ಕೂ ಮುಂದಕ್ಕೂ ಓಡಿಸಿ ನೋಡಿರಿ. ಹೊಗಳಿಕೆಗಿಂತ ಈ ಪರೀಕ್ಷೆಯೇ ಮೇಲು.

ಮೇಲೆ ಹೇಳಿದ ರಕ್ಷಕರು ಹೀಗೆಯೇ ಪರೀಕ್ಷಿಸಿ, ಬಳಸಿದ ಮೇಜಿನ ಕಂಪ್ಯೂಟರೊಂದನ್ನು ಕೈಯಲ್ಲಿದ್ದ ಹಣಕ್ಕೇ ತಂದರು. ಬಂಗಾರ ಮನೆಯಲ್ಲಿಯೇ ಉಳಿಯಿತು. ಈ ಸಲದ ವಾರ್ಷಿಕೋತ್ಸವದ ಯಕ್ಷಗಾನವನ್ನು ಸಂಕಲಿಸಿದವನು ಅವರ ಮಗನೇ. ಅದರ ಎರಡು ಪ್ರತಿಗಳು ಎರಡು ಬೇರೆ ಬೇರೆ ಕಡೆಗಳಲ್ಲಿ ಭದ್ರವಾಗಿವೆ.

ಅಭ್ಯಾಸ

೧. ಸೆಕೆಂಡಿಗೆ ೨೫ ಚಿತ್ರಗಳಾದರೆ ಸಂಕ್ಷೇಪಿಸದ ಒಂದು ನಿಮಿಷದ ವಿಡಿಯೋಗೆ ಎಷ್ಟು ಬೈಟು ಬೇಕು? ಲೆಕ್ಕ ಹಾಕಿರಿ.
೨. ವಿಡಿಯೋ ನೋಡುವುದಕ್ಕಿಂತ ಸಂಕಲಿಸುವುದು ಕಂಪ್ಯೂಟರಿಗೆ ಕಷ್ಟವೇಕೆ? ತರಗತಿಯ ಉದಾಹರಣೆಯಿಂದ ವಿವರಿಸಿರಿ.
೩. ನಿಮ್ಮ ಮನೆಯ ಹಿರಿಯರೊಬ್ಬರ ಮಾತುಗಳನ್ನು ಹತ್ತು ನಿಮಿಷ ಸೆರೆಹಿಡಿದು, ಎರಡು ಕಡೆ ಪ್ರತಿ ಇಟ್ಟು, ತರಗತಿಗೆ ತನ್ನಿರಿ.