ನೆಲದ ಕೆಳಗೆ ಹರಿಯುವ ಹೊಳೆ

ಇರಾನ್ ಎಂದ ಕೂಡಲೇ ನಮಗೆ ನೆನಪಾಗುವುದು ಪೆಟ್ರೋಲು. ಸಮಾಜ ಪರೀಕ್ಷೆಯಲ್ಲಿ ಅಷ್ಟು ಬರೆದು ಅಂಕ ತಗೊಂಡು ಸುಮ್ಮನಾಗ್ತೀವಿ. ಆದರೆ ಅಲ್ಲಿ ಎಣ್ಣೆಬಾವಿ ಸಿಕ್ಕಿದ್ದು 1908ರಲ್ಲಿ. ಅದಕ್ಕೂ ಎರಡು ಸಾವಿರ ವರ್ಷಕ್ಕಿಂತ ಹಿಂದೆಯೇ ಆ ಜನ ನೆಲದೊಳಗಿಂದ ಇನ್ನೊಂದು ಸಂಪತ್ತನ್ನು ತೆಗೆಯುತ್ತಿದ್ದರು. ಅದೇ ನೀರು.

ಇರಾನಿನ ನಡುಭಾಗ ಎತ್ತರದ ಒಣ ನಾಡು. ಯಜ್ದ್ ಎಂಬ ಊರಿನಲ್ಲಿ ವರ್ಷಕ್ಕೆ 100 ಮಿ.ಮೀ. ಮಳೆಯೂ ಆಗುವುದಿಲ್ಲ. ಆದರೆ ದೂರದ ಬೆಟ್ಟಗಳ ಮೇಲೆ ಹಿಮ ಬೀಳುತ್ತದೆ, ಕರಗಿ ಬೆಟ್ಟದ ಬುಡದಲ್ಲಿ ಇಂಗುತ್ತದೆ. ಆ ನೀರನ್ನು ಊರಿಗೆ ತರುವುದು ಹೇಗೆ? ಮೇಲೆ ಕಾಲುವೆ ತೋಡಿದರೆ ಬಿಸಿಲಿಗೆ ಅರ್ಧ ಆರಿಹೋಗುತ್ತದೆ. ಹಾಗಾಗಿ ಕಾಲುವೆಯನ್ನೇ ನೆಲದ ಕೆಳಗೆ ತೋಡಿದರು. ಇದಕ್ಕೆ ಕನಾತ್ ಅಥವಾ ಕಾರೇಜ್ ಎಂದು ಹೆಸರು. (ನಮ್ಮಲ್ಲಿ ಡೇರೆಯ ಪರದೆಗೆ ಕನಾತು ಅಂತಾರಲ್ಲ, ಅದು ಬೇರೆ.)

ಮೊದಲು ಬೆಟ್ಟದ ಬುಡದಲ್ಲಿ ನೀರು ಸಿಗುವವರೆಗೆ ಒಂದು ಬಾವಿ ತೋಡುತ್ತಾರೆ. ಅದು ತಾಯಿಬಾವಿ. ಆಮೇಲೆ ಊರ ಕಡೆಯಿಂದ ಅದರತ್ತ ಸುರಂಗ ಕೊರೆಯುತ್ತಾರೆ. ಮಣ್ಣು ತೆಗೆಯಲು, ಗಾಳಿ ಆಡಲು ದಾರಿಯುದ್ದಕ್ಕೂ ಬಾವಿಗಳಿರುತ್ತವೆ. ಸುರಂಗದ ಇಳಿಜಾರು ಸಾವಿರ ಮೀಟರಿಗೆ ಸುಮಾರು ಒಂದು ಮೀಟರು, ಅಷ್ಟೇ! ಹೆಚ್ಚಾದರೆ ನೀರು ರಭಸದಿಂದ ಸುರಂಗವನ್ನೇ ಕೊರೆದುಬಿಡುತ್ತದೆ, ಕಡಿಮೆಯಾದರೆ ನಿಂತುಬಿಡುತ್ತದೆ. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಬರುತ್ತದೆ. ಗೊನಾಬಾದ್ ಎಂಬಲ್ಲಿಯ ಕನಾತ್ ಸುಮಾರು 33 ಕಿ.ಮೀ. ಉದ್ದ, ಅದರ ತಾಯಿಬಾವಿಯ ಆಳ 300 ಮೀಟರಿಗೂ ಹೆಚ್ಚು. ಈಗಲೂ ನೀರು ಬರುತ್ತಿದೆ. 2016ರಲ್ಲಿ ಇದನ್ನೂ ಸೇರಿಸಿ 11 ಕನಾತ್‌ಗಳನ್ನು ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ತೋಡುವವರನ್ನು ಮುಕನ್ನಿ ಎನ್ನುತ್ತಾರೆ. ತಂದೆಯಿಂದ ಮಗ ಕಲಿಯುವ ಕಸುಬು. ಹರಳೆಣ್ಣೆ ದೀಪ ಇಟ್ಟುಕೊಂಡು, ಕೂತುಕೊಂಡೇ ಅಗೆಯಬೇಕು. ದೀಪ ಆರಿದರೆ ಗಾಳಿ ಕೆಟ್ಟಿದೆ ಎಂದು ತಿಳಿದು ಹೊರಗೆ ಓಡಬೇಕು. ಮಣ್ಣು ಕುಸಿದು ಎಷ್ಟೋ ಜನ ಸತ್ತರು. ಅದಕ್ಕೇ ಅವರು ಕನಾತನ್ನು ‘ಕೊಲೆಗಾರ’ ಎಂದೂ ಕರೆಯುತ್ತಿದ್ದರಂತೆ. ರಾಜರ ಹೆಸರು ಬಾಯಿಪಾಠ ಮಾಡುವ ನಾವು ಇವರ ಬಗ್ಗೆ ಒಂದು ಸಾಲೂ ಓದಿಲ್ಲ. ಒಣನೆಲಕ್ಕೆ ನೀರು ತಂದವರಿಗೆ ಐದು ತಲೆಮಾರಿನವರೆಗೆ ಆ ಭೂಮಿಯ ಸಾಗುವಳಿ ಹಕ್ಕನ್ನು ಪರ್ಷಿಯಾದ ದೊರೆಗಳು ಕೊಟ್ಟಿದ್ದರೆಂದು ಗ್ರೀಕ್ ಇತಿಹಾಸಕಾರ ಪಾಲಿಬಿಯಸ್ ಬರೆದಿದ್ದಾನೆ.

ಊರಿಗೆ ಬಂದ ನೀರನ್ನು ಹಂಚಲು ಮೀರಾಬ್ ಎಂಬುವನಿದ್ದ. ನಮ್ಮ ಕೆರೆಯ ನೀರುಗಂಟಿ ಇದ್ದ ಹಾಗೆ. ತಳದಲ್ಲಿ ಸಣ್ಣ ತೂತಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಿಬಿಡುತ್ತಿದ್ದರು. ಅದು ತುಂಬಿ ಮುಳುಗಿದರೆ ಒಂದು ಲೆಕ್ಕ. ನಿನ್ನ ಹೊಲಕ್ಕೆ ಇಷ್ಟು ಬಟ್ಟಲು, ನನ್ನ ಹೊಲಕ್ಕೆ ಇಷ್ಟು. ನಮ್ಮ ಹಿರಿಯರ ಗಳಿಗೆ ಬಟ್ಟಲೂ ಇದೇ ರೀತಿಯದು. ಇನ್ನೊಂದು ತಮಾಷೆ ಕೇಳಿ. ನೀರು ಕಡಿಮೆಯಾದರೆ ಕೆಲವು ಊರುಗಳಲ್ಲಿ ಒಬ್ಬ ವಿಧವೆಯನ್ನು ಕನಾತ್‌ಗೆ ಮದುವೆ ಮಾಡಿಸುತ್ತಿದ್ದರು! ಅವಳ ಜೀವನಕ್ಕೆ ಊರವರೇ ಗೋಧಿ ಕೊಡುತ್ತಿದ್ದರು. ನಗಬೇಡಿ, ಮಳೆಗಾಗಿ ಕಪ್ಪೆಗೆ ಮದುವೆ ಮಾಡುವವರು ನಾವು.

1960ರ ದಶಕದಿಂದ ಅಲ್ಲಿಯೂ ಆಳದ ಕೊಳವೆಬಾವಿಗಳು ಬಂದವು. ಪಂಪು ಹಾಕಿದವನಿಗೆ ಬೇಕಾದಾಗ ನೀರು, ಬಟ್ಟಲಿನ ಲೆಕ್ಕ ಬೇಡ. ಆದರೆ ಅಂತರ್ಜಲ ಕೆಳಗೆ ಹೋಗಿ ಪಕ್ಕದ ಕನಾತ್‌ಗಳು ಬತ್ತಿದವು. ಅದೇ ಕಾಲದ ಭೂಸುಧಾರಣೆಯಿಂದ ದೊಡ್ಡ ಜಮೀನ್ದಾರರು ಹೋದರು. ಅದು ಒಳ್ಳೆಯದೇ. ಆದರೆ ಹೂಳು ತೆಗೆಸುವ ಖರ್ಚು ಯಾರದು ಎನ್ನುವುದು ಎಷ್ಟೋ ಊರುಗಳಲ್ಲಿ ತೀರ್ಮಾನವಾಗಲಿಲ್ಲ.

ಕನಾತ್ ನೋಡಲು ಇರಾನಿಗೇ ಹೋಗಬೇಕಿಲ್ಲ. ಬಹಮನಿ ಸುಲ್ತಾನರ ಕಾಲದಲ್ಲಿ ಇರಾನಿನಿಂದ ಅನೇಕರು ಬೀದರಿಗೆ ಬಂದರು. ಮಂತ್ರಿ ಮಹಮೂದ್ ಗವಾನನೂ ಅಲ್ಲಿಯ ಗೀಲಾನ್ ಪ್ರಾಂತದವನೇ. ಬೀದರಿನ ನೌಬಾದಿನಲ್ಲಿ ಆ ಕಾಲದ ಕಾರೇಜ್ ಇದೆ, ಜನ ಸುರಂಗ ಬಾವಿ ಅಂತಾರೆ. ಬಹಳ ಕಾಲ ಮಣ್ಣು, ಕಸ ತುಂಬಿಕೊಂಡು ಬಿದ್ದಿತ್ತು. 2015ರ ಸುಮಾರಿಗೆ ಹೂಳು ತೆಗೆದಾಗ ಒಳಗೆ ನೀರು ಕಾಣಿಸಿತು.