ಹಳೆಯ ಮೋಟಾರ್ ದೋಣಿಗೆ ಪಾಲಿಶ್: ತೀರ್ಮಾನಕ್ಕೆ ಮುನ್ನ ಪರೀಕ್ಷೆ

ಚನ್ನಗಿರಿಯ ಸೂಳೆಕೆರೆ, ಹೊನ್ನಾಳಿ ಮತ್ತು ನ್ಯಾಮತಿ ಸೀಮೆಯ ತುಂಗಭದ್ರೆ, ಇಂತಹ ಸಿಹಿನೀರಿನಲ್ಲಿ ಬಳಸುವ ಫೈಬರ್ ದೋಣಿಯ ಮೈ ಮಂಕಾಗಲು ನೀರಿಗಿಂತ ಬಿಸಿಲೇ ಹೆಚ್ಚು ಕಾರಣ. ಗಾಜುನಾರಿನ ಪದರಗಳನ್ನು ಕಾಯುವ ಬಣ್ಣದ ರಾಳದ ಹೊರಕವಚಕ್ಕೆ ಜೆಲ್‌ಕೋಟ್ ಎಂದು ಹೆಸರು. ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ನಷ್ಟೇ ದಪ್ಪವಿರುವ ಈ ಕವಚವು ನೇರಳಾತೀತ ಕಿರಣಗಳಿಂದ ಶಿಥಿಲಗೊಂಡು ಸೀಮೆಸುಣ್ಣದಂತಹ ಪುಡಿಯನ್ನು ಬಿಡುತ್ತದೆ. ಪಾಲಿಶ್ ಎಂದರೆ ಆ ಸತ್ತ ಪದರವನ್ನು ಉಜ್ಜಿ ತೆಗೆಯುವುದೇ ಆದ್ದರಿಂದ, ಪ್ರತಿ ಸಲವೂ ಕವಚ ಸ್ವಲ್ಪ ಸವೆಯುತ್ತದೆ.

ಆದಕಾರಣ ಮೊದಲು ಮೈಯನ್ನು ತೊಳೆದು ಒಣಗಿಸಿ, ಕಪ್ಪು ಬಟ್ಟೆಯಿಂದ ಒರೆಸಿ ನೋಡುವುದು ಒಳಿತು. ಬಟ್ಟೆಗೆ ಪುಡಿ ಅಂಟಿ, ನೀರು ಚಿಮುಕಿಸಿದ ಭಾಗದಲ್ಲಿ ಹಳೆಯ ಬಣ್ಣ ಮರಳಿದರೆ ಪಾಲಿಶ್ ಫಲ ಕೊಡುತ್ತದೆ. ಜಗಳೂರಿನಂತಹ ಬಯಲುಸೀಮೆಯಲ್ಲಿ ಗಡಸಾದ ಕೊಳವೆಬಾವಿ ನೀರಿನಿಂದ ತೊಳೆದ ದೋಣಿಯ ಬಿಳಿಕಲೆಯು ಸುಣ್ಣದ್ದಾಗಿದ್ದರೆ, ತೆಳುವಾಗಿಸಿದ ವಿನಿಗರ್ ಸಾಕು. ಅದಕ್ಕಾಗಿ ಕವಚವನ್ನು ಸವೆಸಬೇಕಿಲ್ಲ.

ನಾರಿನ ನೇಯ್ಗೆ ಹೊರಗೆ ಕಾಣುತ್ತಿದ್ದರೆ ಪಾಲಿಶ್ ಬಿಟ್ಟು ಬಣ್ಣ ಬಳಿಸುವುದೂ, ಬಿರುಕು ಅಥವಾ ಗುಳ್ಳೆಗಳಿದ್ದರೆ ಮೊದಲು ದುರಸ್ತಿ ಮಾಡಿಸುವುದೂ ಸರಿಯಾದ ಕ್ರಮ. ಸದಾ ನೀರೊಳಗಿರುವ ತಳಭಾಗಕ್ಕೆ ಹೊಳಪಿಗಿಂತ ಪಾಚಿಯಿಲ್ಲದ ಶುಚಿತ್ವವೇ ಮುಖ್ಯ. ಪಾಲಿಶ್ ಮಾಡಿದ ಭಾಗಕ್ಕೆ ಮೇಣ ಲೇಪಿಸಿ, ದೋಣಿಯನ್ನು ನೆರಳಿನಲ್ಲಿ ಅಥವಾ ಹೊದಿಕೆಯಡಿ ಇರಿಸಿದರೆ ಮುಂದಿನ ಉಜ್ಜುವಿಕೆಯನ್ನು ಬಹುಕಾಲ ಮುಂದೂಡಬಹುದು.