‘ಸೆಟಲ್’: ಒಂದು ಕ್ರಿಯಾಪದದ ಅರ್ಥ ಮತ್ತು ವ್ಯವಹಾರದಲ್ಲಿ ಅದರ ಬಳಕೆ

ಇಂಗ್ಲಿಷಿನ ಕೆಲವು ಕ್ರಿಯಾಪದಗಳು ನಮ್ಮ ನಿತ್ಯದ ಮಾತಿನಲ್ಲಿ ಎಷ್ಟರಮಟ್ಟಿಗೆ ಬೆರೆತಿವೆಯೆಂದರೆ, ಅವುಗಳ ಅರ್ಥವನ್ನು ವಿಚಾರಿಸಬೇಕೆಂದು ಯಾರಿಗೂ ತೋರುವುದಿಲ್ಲ. ‘ಸೆಟಲ್’ ಅಂತಹ ಒಂದು ಪದ. ಉಡುಪಿ ಸಮೀಪದ ಹೂಡೆಯಂತಹ ಕಡಲತಡಿಯ ಊರಿನಲ್ಲಿ ಈ ಪದವನ್ನು ಹಲವು ಸಂದರ್ಭಗಳಲ್ಲಿ ಕೇಳಬಹುದು. ಗಲ್ಫಿಗೆ ಹೋದ ಮಗ ಅಲ್ಲೇ ಸೆಟಲ್ ಆಗಿದ್ದಾನೆ. ದಿನಸಿ ಅಂಗಡಿಯ ಬಿಲ್ಲು ಸೆಟಲ್ ಆಗಬೇಕಿದೆ. ದೋಣಿಯ ವಿಮಾ ಕ್ಲೇಮು ಸೆಟಲ್ ಆಯಿತು. ಜಾಗದ ತಕರಾರು ಕೋರ್ಟಿನ ಹೊರಗೇ ಸೆಟಲ್ ಆಯಿತು. ಬ್ಯಾಂಕಿನ ಸಾಲ ಸೆಟಲ್ ಮಾಡಿದ್ದಾಯಿತು. ಐದೂ ಕಡೆ ಪದ ಒಂದೇ, ಅರ್ಥ ಮಾತ್ರ ಬೇರೆ ಬೇರೆ. ಆಡುಮಾತಿನಲ್ಲಿ ಇದರಿಂದ ತೊಂದರೆಯಿಲ್ಲ. ಆದರೆ ಇದೇ ಪದ ಕಾಗದದ ಮೇಲೆ ಬಂದು ಅದರ ಕೆಳಗೆ ನಮ್ಮ ರುಜು ಬಿದ್ದಾಗ, ಅರ್ಥದಲ್ಲಿನ ವ್ಯತ್ಯಾಸವು ಹಣದಲ್ಲಿನ ವ್ಯತ್ಯಾಸವಾಗಿ ಪರಿಣಮಿಸುತ್ತದೆ. ಆದ್ದರಿಂದ ವ್ಯಾಪಾರಸ್ಥರು ಈ ಪದವನ್ನು ಸ್ವಲ್ಪ ವಿವರವಾಗಿ ಅರಿತುಕೊಳ್ಳುವುದು ಉಚಿತ.

ಮೂಲಾರ್ಥ

ಹಳೆಯ ಇಂಗ್ಲಿಷಿನಲ್ಲಿ ‘ಸೆಟ್ಲ್’ ಎಂದರೆ ಆಸನ. ಕುಳಿತುಕೊಳ್ಳುವುದನ್ನು ಸೂಚಿಸುವ ‘ಸಿಟ್’ ಪದವೂ ಇದೇ ಕುಲದ್ದು. ಕಲಕಿದ ಬಾವಿನೀರಿನಲ್ಲಿ ಮಣ್ಣು ತಳಕ್ಕೆ ತಂಗುವುದು, ಹೊಸ ಕಟ್ಟಡದ ಅಡಿಪಾಯ ತುಸು ಕೂರುವುದು, ಕುಟುಂಬವೊಂದು ಪರವೂರಿನಲ್ಲಿ ನೆಲೆಸುವುದು ಎಲ್ಲವೂ ಇಂಗ್ಲಿಷಿನಲ್ಲಿ ‘ಸೆಟಲ್’. ಅಲುಗಾಡುತ್ತಿದ್ದುದು ಒಂದೆಡೆ ನಿಲ್ಲುವುದೇ ಇದರ ತಿರುಳು. ಲೆಕ್ಕ ಮತ್ತು ವಿವಾದಗಳಿಗೂ ಪದ ಇದೇ ಅರ್ಥದಲ್ಲಿ ವಿಸ್ತರಿಸಿತು. ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ವ್ಯವಹಾರ ನಿಂತಿತು ಎಂಬುದನ್ನಷ್ಟೇ ಈ ಕ್ರಿಯಾಪದ ತಿಳಿಸುತ್ತದೆ. ಪೂರ್ಣ ಹಣ ಸಂದು ನಿಂತಿತೋ, ಅರ್ಧಕ್ಕೆ ಒಪ್ಪಿ ನಿಂತಿತೋ ಎಂಬುದನ್ನು ಅದು ತಾನಾಗಿ ತಿಳಿಸುವುದಿಲ್ಲ.

ಮುಂದೆ ಬರುವ ಪದದಿಂದ ಅರ್ಥನಿರ್ಣಯ

‘ಸೆಟಲ್ ದ ಬಿಲ್’ ಎಂದರೆ ಬಿಲ್ಲಿನ ಹಣ ಪಾವತಿಸುವುದು. ‘ಸೆಟಲ್ ವಿತ್’ ಎಂದರೆ ಎದುರು ಪಕ್ಷದವರೊಂದಿಗೆ ಲೆಕ್ಕ ಅಥವಾ ವಿವಾದವನ್ನು ಇತ್ಯರ್ಥಪಡಿಸಿಕೊಳ್ಳುವುದು. ‘ಸೆಟಲ್ ಫಾರ್’ ಎಂದರೆ ಬಯಸಿದ್ದಕ್ಕಿಂತ ಕಡಿಮೆಗೆ ಒಪ್ಪಿಕೊಳ್ಳುವುದು. ಒಂದು ಲಕ್ಷದ ಬೇಡಿಕೆಗೆ ಎಂಬತ್ತು ಸಾವಿರಕ್ಕೆ ‘ಸೆಟಲ್ ಫಾರ್’ ಆದರೆ ಇಪ್ಪತ್ತು ಸಾವಿರವನ್ನು ಬಿಟ್ಟುಕೊಟ್ಟಂತೆಯೇ. ‘ಸೆಟಲ್ ಆನ್’ ಎಂದರೆ ಹಲವು ಆಯ್ಕೆಗಳಲ್ಲಿ ಒಂದನ್ನು ನಿಶ್ಚಯಿಸುವುದು. ‘ಸೆಟಲ್ ಇನ್’ ಹೊಸ ಸ್ಥಳಕ್ಕೆ ಒಗ್ಗಿಕೊಳ್ಳುವುದನ್ನೂ, ‘ಸೆಟಲ್ ಡೌನ್’ ಸ್ಥಿರ ಬದುಕಿಗೆ ನಿಲ್ಲುವುದನ್ನೂ ಸೂಚಿಸುತ್ತವೆ.

ಕನ್ನಡದಲ್ಲಿ ಇವುಗಳಿಗೆ ಪ್ರತ್ಯೇಕ ಪದಗಳಿವೆ. ಊರಿನಲ್ಲಿ ನಿಲ್ಲುವುದು ನೆಲೆಸುವುದು. ಪೂರ್ಣ ಹಣ ಸಂದಾಯವಾದರೆ ಲೆಕ್ಕ ಚುಕ್ತಾ. ಎರಡೂ ಕಡೆಯವರು ತುಸು ಬಿಟ್ಟುಕೊಟ್ಟರೆ ರಾಜಿ. ವಿವಾದ ಕೊನೆಗೊಂಡರೆ ಇತ್ಯರ್ಥ. ‘ಸೆಟಲ್’ ಎಂಬ ಒಂದೇ ಪದವನ್ನು ಎಲ್ಲೆಡೆ ಬಳಸುವಾಗ ಚುಕ್ತಾ ಮತ್ತು ರಾಜಿಯ ನಡುವಿನ ಗೆರೆ ಅಳಿಸಿಹೋಗುತ್ತದೆ. ನಷ್ಟಕ್ಕೆ ಎಡೆಯಾಗುವುದು ಇಲ್ಲಿಯೇ.

ರಶೀದಿಯಲ್ಲಿ

ಒಂದು ಲಕ್ಷ ರೂಪಾಯಿ ಬಾಕಿಯಿರುವ ಗ್ರಾಹಕರು 80,000 ರೂಪಾಯಿ ಕೊಟ್ಟು, ‘ಇನ್ ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್’ ಎಂದು ಬರೆದ ರಶೀದಿಗೆ ರುಜು ಕೇಳಿದರೆನ್ನಿ. ‘ಈಗ ಇಷ್ಟು ಸಂದಿತು, ಉಳಿದುದು ಮುಂದೆ’ ಎಂದು ಭಾವಿಸಿ ರುಜು ಹಾಕುವವರಿದ್ದಾರೆ. ಆದರೆ 1872ರ ಭಾರತೀಯ ಕರಾರು ಕಾಯಿದೆಯ 63ನೆಯ ಕಲಮಿನ ಪ್ರಕಾರ, ಬರಬೇಕಾದುದನ್ನು ಪೂರ್ತಿಯಾಗಿ ಅಥವಾ ಭಾಗಶಃ ಬಿಟ್ಟುಕೊಡುವ ಅಧಿಕಾರ ಹಣ ಪಡೆಯಬೇಕಾದವರಿಗಿದೆ. 5,000 ರೂಪಾಯಿಯ ಸಾಲಕ್ಕೆ ಪ್ರತಿಯಾಗಿ 2,000 ರೂಪಾಯಿಯನ್ನು ಪೂರ್ಣ ತೀರುವಳಿಯೆಂದು ಸ್ವೀಕರಿಸಿದರೆ ಇಡೀ ಸಾಲವೇ ತೀರಿತು ಎಂಬ ದೃಷ್ಟಾಂತವನ್ನು ಕಾಯಿದೆಯೇ ಕೊಟ್ಟಿದೆ. ಒತ್ತಾಯದಿಂದ ಅಥವಾ ವಂಚನೆಯಿಂದ ರುಜು ಪಡೆದಿದ್ದರೆ ಅದನ್ನು ಪ್ರಶ್ನಿಸಬಹುದು. ಆದರೆ ಅದನ್ನು ರುಜುವಾತುಪಡಿಸುವ ಹೊಣೆ ರುಜು ಹಾಕಿದವರದ್ದೇ ಆಗುತ್ತದೆ.

ಭಾಗಶಃ ಹಣ ಪಡೆಯುವಾಗ ‘ಲೆಕ್ಕದ ಬಾಬ್ತು ರೂ. 80,000 ಸಂದಾಯ, ಬಾಕಿ ರೂ. 20,000’ ಎಂದು ಬರೆಯುವುದು ಕ್ಷೇಮ. ಇಂಗ್ಲಿಷಿನಲ್ಲಾದರೆ ‘ಪಾರ್ಟ್ ಪೇಮೆಂಟ್’ ಎಂಬ ಪದ ಬಳಸಿ ಬಾಕಿಯನ್ನು ಅಂಕಿಯಲ್ಲಿ ನಮೂದಿಸಬೇಕು. ವಿಮಾ ಕ್ಲೇಮಿನ ಡಿಸ್ಚಾರ್ಜ್ ವೋಚರಿಗೆ ರುಜು ಹಾಕುವಾಗಲೂ ಇದೇ ಎಚ್ಚರಿಕೆ ಬೇಕು.

ಬ್ಯಾಂಕಿನ ಸಾಲದಲ್ಲಿ

ಕಟ್ಟಲಾಗದೆ ಉಳಿದ ಸಾಲಕ್ಕೆ ಬ್ಯಾಂಕುಗಳು ಕೆಲವೊಮ್ಮೆ ‘ಒನ್ ಟೈಮ್ ಸೆಟಲ್‌ಮೆಂಟ್’ ಸೌಲಭ್ಯ ನೀಡುತ್ತವೆ. ಬಾಕಿಯಲ್ಲಿ ಒಂದಷ್ಟನ್ನು ಬಿಟ್ಟು ಉಳಿದುದನ್ನು ಸ್ವೀಕರಿಸುವ ವ್ಯವಸ್ಥೆಯಿದು. ಸಂಕಷ್ಟದಲ್ಲಿರುವವರಿಗೆ ಉಪಕಾರಿಯೂ ಹೌದು. ಆದರೆ ಸಿಬಿಲ್‌ನಂತಹ ಸಂಸ್ಥೆಗಳ ಕ್ರೆಡಿಟ್ ವರದಿಯಲ್ಲಿ ಇಂತಹ ಖಾತೆಯ ಮುಂದೆ ‘ಸೆಟಲ್ಡ್’ ಎಂದೂ, ಪೂರ್ತಿ ತೀರಿದ ಖಾತೆಯ ಮುಂದೆ ‘ಕ್ಲೋಸ್ಡ್’ ಎಂದೂ ದಾಖಲಾಗುತ್ತದೆ. ನಮ್ಮ ಕಿವಿಗೆ ‘ಸೆಟಲ್ಡ್’ ಶುಭಸುದ್ದಿಯಂತೆ ಕೇಳಿಸುತ್ತದೆ. ಮುಂದಿನ ಸಾಲದ ಅರ್ಜಿಯನ್ನು ಪರಿಶೀಲಿಸುವ ಅಧಿಕಾರಿಗೆ ಮಾತ್ರ ಅದು, ಈ ವ್ಯಕ್ತಿ ಹಿಂದಿನ ಸಾಲವನ್ನು ಪೂರ್ತಿ ಕಟ್ಟಿಲ್ಲವೆಂಬ ಸೂಚನೆ. ವ್ಯಾಪಾರ ವಿಸ್ತರಣೆಗೆ ಸಾಲ ಬೇಕಾದಾಗ ಈ ಒಂದು ಪದ ಅಡ್ಡಿಯಾಗಬಲ್ಲದು.

ಶಕ್ತಿಯಿದ್ದವರು ಉಳಿದ ಮೊತ್ತವನ್ನೂ ಪಾವತಿಸಿ, ಬಾಕಿಯಿಲ್ಲವೆಂಬ ಪತ್ರ ಪಡೆದು, ದಾಖಲೆಯನ್ನು ‘ಕ್ಲೋಸ್ಡ್’ ಎಂದು ತಿದ್ದಿಸುವಂತೆ ಬ್ಯಾಂಕನ್ನು ಕೋರಬಹುದು. ಪ್ರತಿಯೊಂದು ಕ್ರೆಡಿಟ್ ಮಾಹಿತಿ ಸಂಸ್ಥೆಯೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2017ರಿಂದ ಜಾರಿಯಲ್ಲಿದೆ. ಸದಸ್ಯರು ಇದರ ಪ್ರಯೋಜನ ಪಡೆಯಬೇಕು.

ಗಲ್ಫ್ ಉದ್ಯೋಗದಲ್ಲಿ

ಗಲ್ಫ್ ದುಡಿಮೆಯ ನಂಟಿರುವ ಹೂಡೆಯಂತಹ ಊರುಗಳಿಗೆ ‘ಫೈನಲ್ ಸೆಟಲ್‌ಮೆಂಟ್’ ಅಪರಿಚಿತವಲ್ಲ. ಕೆಲಸ ಬಿಟ್ಟು ಬರುವಾಗ ಕಂಪೆನಿ ಕೊಡುವ ಕೊನೆಯ ಲೆಕ್ಕವಿದು. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ 2022ರ ಫೆಬ್ರವರಿ 2ರಿಂದ ಜಾರಿಗೆ ಬಂದ ಕಾರ್ಮಿಕ ಕಾಯಿದೆಯಂತೆ, ಒಂದು ವರ್ಷ ಪೂರೈಸಿದ ವಿದೇಶಿ ನೌಕರರಿಗೆ ಮೊದಲ ಐದು ವರ್ಷಗಳ ಸೇವೆಗೆ ವರ್ಷಕ್ಕೆ 21 ದಿನಗಳ, ಅನಂತರದ ಸೇವೆಗೆ ವರ್ಷಕ್ಕೆ 30 ದಿನಗಳ ಮೂಲವೇತನ ಗ್ರಾಚ್ಯುಟಿಯಾಗಿ ಸಲ್ಲಬೇಕು. ಒಟ್ಟು ಮೊತ್ತ ಎರಡು ವರ್ಷಗಳ ವೇತನವನ್ನು ಮೀರುವಂತಿಲ್ಲ. ಕರಾರು ಮುಗಿದ 14 ದಿನಗಳೊಳಗೆ ಪಾವತಿಯಾಗಬೇಕು. ದುಬೈಯ ಅಂತಾರಾಷ್ಟ್ರೀಯ ಹಣಕಾಸು ಕೇಂದ್ರದಂತಹ ಕಡೆಗಳಲ್ಲಿ ಪ್ರತ್ಯೇಕ ನಿಯಮಗಳಿವೆ.

ಉದಾಹರಣೆಗೆ, ತಿಂಗಳಿಗೆ 3,000 ದಿರ್ಹಮ್ ಮೂಲವೇತನದಲ್ಲಿ ಎಂಟು ವರ್ಷ ದುಡಿದವರಿಗೆ ದಿನದ ವೇತನ 100 ದಿರ್ಹಮ್. ಮೊದಲ ಐದು ವರ್ಷಗಳಿಗೆ 10,500, ಉಳಿದ ಮೂರಕ್ಕೆ 9,000, ಒಟ್ಟು 19,500 ದಿರ್ಹಮ್. ಬಾಕಿ ಸಂಬಳ ಮತ್ತು ಬಳಸದೆ ಉಳಿದ ರಜೆಯ ಹಣ ಇದರಿಂದ ಪ್ರತ್ಯೇಕ. ‘ಎಲ್ಲ ಬಾಕಿ ಸಂದಿದೆ, ಬೇರೆ ಯಾವ ಹಕ್ಕೂ ಇಲ್ಲ’ ಎಂಬ ಒಕ್ಕಣೆಯ ಕಾಗದಕ್ಕೆ ರುಜು ಹಾಕುವ ಮುನ್ನ ಈ ಲೆಕ್ಕವನ್ನು ಮಾಡಿ ನೋಡುವುದು ಅಗತ್ಯ. ಹಣ ಖಾತೆಗೆ ಜಮೆಯಾಗುವ ಮೊದಲೇ ‘ಸಂದಿದೆ’ ಎಂದು ಬರೆದುಕೊಡಬಾರದು.

ನ್ಯಾಯಾಲಯದಲ್ಲಿ

ಚೆಕ್ ಅಮಾನ್ಯ ಪ್ರಕರಣಗಳು ಲೋಕ ಅದಾಲತ್‌ನಲ್ಲಿ ‘ಸೆಟಲ್’ ಆಗುವುದುಂಟು. ಇಲ್ಲಿ ಪದದ ಅರ್ಥ ರಾಜಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯಿದೆಯಂತೆ ಲೋಕ ಅದಾಲತ್‌ನ ತೀರ್ಪಿಗೆ ಸಿವಿಲ್ ನ್ಯಾಯಾಲಯದ ಡಿಕ್ರಿಯ ಬಲವಿದೆ. ಅದರ ವಿರುದ್ಧ ಮೇಲ್ಮನವಿಗೆ ಅವಕಾಶವಿಲ್ಲ. ಕಂತು, ದಿನಾಂಕ, ತಪ್ಪಿದರೆ ತೆರಬೇಕಾದ ಬಡ್ಡಿ ಇವೆಲ್ಲವನ್ನೂ ರಾಜಿಪತ್ರದಲ್ಲಿಯೇ ಸ್ಪಷ್ಟವಾಗಿ ಬರೆಯಿಸಿಕೊಳ್ಳತಕ್ಕದ್ದು.

ಒಟ್ಟಿನಲ್ಲಿ, ‘ಸೆಟಲ್’ ಎಂಬ ಪದವಿರುವ ಯಾವುದೇ ಕಾಗದ ಮುಂದೆ ಬಂದಾಗ ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಬೇಕು. ಇತ್ಯರ್ಥವಾಗುತ್ತಿರುವುದು ಯಾವ ಬಾಕಿ? ಎಷ್ಟು ಮೊತ್ತಕ್ಕೆ? ಉಳಿದುದನ್ನು ಬಿಟ್ಟುಕೊಡಲಾಗುತ್ತಿದೆಯೇ, ಇಲ್ಲವೇ? ಉತ್ತರ ಕಾಗದದಲ್ಲಿಯೇ ಕಾಣದಿದ್ದರೆ ಅದನ್ನು ಬರೆಯಿಸಿ, ಅನಂತರ ರುಜು ಹಾಕುವುದು ಒಳಿತು.